ರಿಪೇರಿ ಪುಸ್ತಕ

ಹೇಳಿರ್ಲಿಲ್ಲವಂತೆ! ನಮ್ಮ ಕವನ ಮೊದ್ಲೇ ಒಂದು ಮಾತು ಹೇಳಿರ್ಲಿಲ್ಲವಂತೆ. ನರಸೀಪುರದ ಬಸ್‌ಸ್ಟ್ಯಾಂಡಿಂದ ಹಿಡಿದು ಗೊಬ್ಬರದ ಅಂಗಡಿವರೆಗೆ ಯಾರನ್ನ ಬೇಕಾದ್ರೂ ಕೇಳಿ, "ಪಾಪ, ಹುಡುಗಿ ಬಾಯಿಬಿಟ್ಟು ಹೇಳಿದ್ರೆ ಹಿಂಗಾಗ್ತಿತ್ತಾ?" ಅಂತಾರೆ. ಕೇಳಿ ಕೇಳಿ ನನ್ನ ಹೊಟ್ಟೆ ಉರಿದುಹೋಗಿದೆ. ಅದಕ್ಕೇ ಮೊದಲಿಂದ ನಾನೇ ಹೇಳ್ತೀನಿ.

ನಾನು ರೋಜಾ, ಕವನಂಗೆ ಸೋದರತ್ತೆ. ನಂಜನಗೂಡಿನ ಗಾರ್ಮೆಂಟ್ಸಲ್ಲಿ ಹೊಲಿಗೆ ಕೆಲಸ, ಇರೋದು ಹದಿನಾರು ಅನ್ನೋ ಊರಲ್ಲಿ, ಅಣ್ಣ ಮಾದೇಶನ ಮನೇಲಿ. ಗಂಡನ ಮನೆ ಯಾಕೆ ಬಿಟ್ಟೆ ಅನ್ನೋದು ಬೇರೆ ಕತೆ. ಬಾಯಿ ಜೋರು ಅಂತ ಅವರಂದ್ರು, ಹೌದು ಅಂತ ನಾನಂದೆ, ಅಲ್ಲಿಗೆ ಮುಗೀತು. ಅಣ್ಣ ನರಸೀಪುರದ ನಂಜುಂಡೇಶ್ ಸಾವ್ಕಾರ್ರ ಗೊಬ್ಬರದ ಅಂಗಡೀಲಿ ಗೂಡ್ಸ್ ಗಾಡಿ ಓಡಿಸ್ತಾನೆ. ಅಪ್ಪ ಬದುಕಿದ್ದಾಗಲೇ ನಮ್ಮ ಮನೇಲಿ ದೇವರ ಗೂಡು ತೆಗೆದು ಬುದ್ಧರ ಫೋಟೋ, ಬಾಬಾಸಾಹೇಬರ ಫೋಟೋ ಇಟ್ಟಿದ್ದು. ಇದನ್ನ ಈಗಲೇ ಹೇಳಿಬಿಡ್ತೀನಿ, ಮುಂದೆ ಬೇಕಾಗುತ್ತೆ.

ಸಾವ್ಕಾರ್ರಿಗೆ ಕೊರೊನಾ ಟೈಮಲ್ಲಿ ಸಕ್ಕರೆ ಕಾಯಿಲೆ ಬಂತು. ಡಾಕ್ಟ್ರು ಸೈಕಲ್ ತುಳೀರಿ ಅಂದ್ರಂತೆ. ನಮ್ಮಂಥೋರಾಗಿದ್ರೆ ಒಂದು ಸೈಕಲ್ ತಗೊಂಡು ತುಳೀತಿದ್ವಿ. ಅವರು ಒಂದು ಕ್ಲಬ್ಬೇ ಮಾಡಿದ್ರು. ಬ್ಯಾಂಕಿನ ಮ್ಯಾನೇಜರ್ ಅಮೃತೇಶ್, ಇಬ್ಬರು ಡಾಕ್ಟ್ರು, ಮೇಷ್ಟ್ರುಗಳು, ಎಲ್ಲಾ ಸೇರಿ ಭಾನುವಾರ ಬೆಳಿಗ್ಗೆ ಬಿಗಿ ಬಟ್ಟೆ ಹಾಕ್ಕೊಂಡು ಮುಡುಕುತೊರೆವರೆಗೂ ಹೋಗೋದು, ಬರೋವಾಗ ಬೆಣ್ಣೆ ಹಾಕಿದ ಮಸಾಲೆ ದೋಸೆ ತಿನ್ನೋದು, ಫೋಟೋ ಹಾಕೋದು. ಹೋಗೋವಾಗ ಕರಗಿದ್ದೆಲ್ಲಾ ಬರೋವಾಗ ವಾಪಸ್ ಬರ್ತಿತ್ತು. ಆಗಲಿ ಬಿಡಿ, ಅವರ ಹೊಟ್ಟೆ, ಅವರ ದೋಸೆ.

ಒಂದಿನ ಈ ದಂಡು ನಮ್ಮೂರ ಕಡೆ ಬಂದಿದೆ. ಕವನ ಅಪ್ಪನ ಹಳೇ ಸೈಕಲ್ ಮೇಲೆ, ಕ್ಯಾರಿಯರ್‌ಗೆ ಹಸುವಿನ ಹುಲ್ಲಿನ ಹೊರೆ ಕಟ್ಕೊಂಡು ಬರ್ತಿದ್ಲು. ಬಂದೋಳು ಅಷ್ಟೂ ಜನರನ್ನ ಹಿಂದಿಕ್ಕಿ ಏರು ಹತ್ತಿ ಹೋಗಿದಾಳೆ, ಹೊರೆ ಸಮೇತ! ಸಾವ್ಕಾರ್ರು ಏದುಸಿರು ಬಿಡ್ತಾ ಯಾರೀ ಹುಡುಗಿ ಅಂತ ಕೇಳಿದಾರೆ. ನಿಮ್ಮ ಮಾದೇಶನ ಮಗಳೇ ಅಂದಿದಾರೆ ಊರೋರು. ಮಾರನೇ ವಾರ ಕ್ಲಬ್ಬಿಂದ ಅವಳಿಗೆ ಒಂದು ರೇಸ್ ಸೈಕಲ್ ಬಂತು. ಕಾಗದದ ಥರ ಹಗುರ, ಬಾಗಿದ ಹ್ಯಾಂಡಲ್. ಚೌಕಟ್ಟಿನ ಮೇಲೆ ದೊಡ್ಡಕ್ಷರದಲ್ಲಿ 'ದಿವಂಗತ ಪುಟ್ಟಬಸವಯ್ಯನವರ ಸ್ಮರಣಾರ್ಥ' ಅಂತ ಸ್ಟಿಕ್ಕರ್. ಪುಟ್ಟಬಸವಯ್ಯ ಅಂದ್ರೆ ಸಾವ್ಕಾರ್ರ ಅಪ್ಪ. ಸೈಕಲ್ ಕ್ಲಬ್ಬಿಂದು, ಓಡ್ಸೋಕೆ ಮಾತ್ರ ಇವಳಿಗೆ. ಕೊಟ್ಟಿದ್ದನ್ನ ಕೊಟ್ಟಿಲ್ಲ ಅನ್ನಲ್ಲ ನಾನು. ಕೊಟ್ರು, ನಿಜವಾಗ್ಲೂ ಪ್ರೀತಿಯಿಂದ ಕೊಟ್ರು. ಆ ಪ್ರೀತಿನೇ ಈಗ ಗಂಟಲಲ್ಲಿ ಸಿಕ್ಕಿಹಾಕ್ಕೊಂಡಿರೋದು.

ಅದಾದ ಮೇಲೆ ಕವನಂಗೆ ಒಂದೇ ಜಪ. ಉತ್ತರ ಕರ್ನಾಟಕದ ಕಡೆ ಸರ್ಕಾರದ ಕ್ರೀಡಾ ಹಾಸ್ಟೆಲ್ ಇದೆ, ಸೈಕಲ್ ಓಡ್ಸೋರಿಗೇ ಅಂತ. ಅಲ್ಲಿ ಸೇರಿದ್ರೆ ಓದು, ಊಟ, ಕೋಚು, ಎಲ್ಲಕ್ಕಿಂತ ಹೆಚ್ಚಾಗಿ ತನ್ನದೇ ಅಂತ ಒಂದು ಸೈಕಲ್. ಅದರ ಆಯ್ಕೆ ವಿಜಯದಶಮಿ ಮಾರನೇ ದಿನ, ನಮ್ಮ ನಂಜನಗೂಡಿನ ರಸ್ತೇಲೇ. ವಯಸ್ಸಿನ ಲೆಕ್ಕದಲ್ಲಿ ಇವಳಿಗೆ ಇದೇ ಕೊನೇ ವರ್ಷ. "ಅತ್ತೆ, ಇದೊಂದು ಆಗ್ಬಿಟ್ರೆ ಸಾಕು, ಆಮೇಲೆ ಯಾರ್ನೂ ಏನೂ ಕೇಳಲ್ಲ" ಅನ್ನೋಳು. ಯಾರ್ನೂ ಏನೂ ಕೇಳದೆ ಬದುಕೋ ಆಸೆ ಎಷ್ಟು ದೊಡ್ಡದು ಅಂತ ನನಗೆ ಗೊತ್ತು. ಅದಕ್ಕೇ ಅವಳ ಹಿಂದೆ ಹಿಂದೆ ನಾನೂ ಓಡಾಡ್ದೆ.

ಈಗ ಪುಸ್ತಕದ ವಿಷಯಕ್ಕೆ ಬರ್ತೀನಿ. ಕ್ಲಬ್ಬಿಗೆ ಸೈಕಲ್ಲಿಗೆ ಸಂಬಂಧಪಟ್ಟ ಒಂದು ಮಾಸಪತ್ರಿಕೆ ತರಿಸಬೇಕು, ಕವನಂಗೆ ತರಬೇತಿಗೆ ಅನುಕೂಲ ಆಗುತ್ತೆ ಅಂತ ಸಾವ್ಕಾರ್ರು ತೀರ್ಮಾನ ಮಾಡಿದ್ರು. ಕನ್ನಡದಲ್ಲಿ ಅಂಥಾದ್ದು ಎಲ್ಲಿ ಹುಡುಕಿದ್ರೂ ಸಿಗಲಿಲ್ಲ. ಇಂಗ್ಲಿಷಿನ ಎರಡು ಪತ್ರಿಕೆಗಳ ಒಂದೊಂದು ಸಂಚಿಕೆ ತರಿಸಿ ನೋಡಿದ್ರು. ಭಾನುವಾರ ಅಂಗಡಿ ಮೇಲಿನ ಕ್ಲಬ್ ರೂಮಿಗೆ ಬಾ ಅಂತ ಕವನನ್ನ ಕರೆದ್ರು. ಗಂಡಸರ ನಡುವೆ ಒಬ್ಬಳೇ ಹುಡುಗಿ, ಜೊತೆಗೆ ನಾನೂ ಹೋದೆ.

ಮೇಜಿನ ಮೇಲೆ ಎರಡು ಪುಸ್ತಕ. ಒಂದು ವಿದೇಶದ್ದು, ಮದುವೆ ಆಲ್ಬಮ್ ಥರ ಹೊಳೀತಿತ್ತು, ತಿರುವಿದ್ರೆ ಬರೀ ಬೆಟ್ಟ, ಹಿಮ, ಹಲ್ಲು ಕಿರಿಯೋ ಬಿಳಿ ಜನ. ಇನ್ನೊಂದು ಪುಣೆ ಕಡೆಯಿಂದ ಬರೋದು, ನ್ಯೂಸ್‌ಪೇಪರಿನ ಕಾಗದ, ತೆಳ್ಳಗೆ, ಒಳಗೆಲ್ಲಾ ಪೆನ್ನಲ್ಲಿ ಬಿಡಿಸಿದ ಸೈಕಲ್ ಭಾಗಗಳ ಚಿತ್ರ, ಪಕ್ಕದಲ್ಲಿ ಚಿಕ್ಕ ಚಿಕ್ಕ ವಾಕ್ಯ. ಮೊದಲನೇದು ಹೆಂಗೆ ತರಬೇತಿ ಮಾಡಬೇಕು ಅನ್ನೋದು, ಎರಡನೇದು ಸೈಕಲ್ ಹೆಂಗೆ ನೋಡ್ಕೋಬೇಕು ಅನ್ನೋದು.

"ಓಡ್ಸೋಳು ನೀನು. ನೀನೇ ಆರಿಸಮ್ಮ" ಅಂದ್ರು ಸಾವ್ಕಾರ್ರು, ಎಲ್ಲರ ಮುಂದೆ. ಅಮೃತೇಶ್ ಮೊಬೈಲ್ ಎತ್ತಿ ವಿಡಿಯೋ ಮಾಡ್ಕೊಳ್ತಿದ್ರು.

ಕವನ ಎರಡನ್ನೂ ತಿರುವಿ ನೋಡಿದ್ಲು. ಅವಸರ ಮಾಡ್ಲಿಲ್ಲ. ಆಮೇಲೆ ತೆಳ್ಳಗಿನದನ್ನ ಎತ್ತಿಕೊಂಡು "ಇದು ಸಾ" ಅಂದ್ಲು.

ಘೊಳ್ಳಂತ ನಕ್ರು. "ಅಯ್ಯೋ ಪೆದ್ದಿ, ಅದು ರಿಪೇರಿ ಪುಸ್ತಕ ಕಣಮ್ಮ" ಅಂದ್ರು ಸಾವ್ಕಾರ್ರು. "ರಿಪೇರಿಗೆ ನಮ್ಮ ಸೈಕಲ್ ಶಾಪ್ ಕೃಷ್ಣ ಇಲ್ವಾ? ನೀನು ಗೆಲ್ಲೋದು ಕಲೀಬೇಕು."

"ಕೃಷ್ಣಣ್ಣಂಗೆ ಈ ಥರ ಡಿಸ್ಕ್ ಬ್ರೇಕ್ ಗೊತ್ತಿಲ್ಲ ಸಾ. ಅವರೇ ಹೇಳಿದ್ರು. ತುಳಿಯೋದು ಹೆಂಗೋ ತುಳೀತೀನಿ, ಸೈಕಲ್ ಕೆಟ್ರೆ ನಾನೇ ಸರಿಮಾಡ್ಕೋಬೇಕು."

"ಕೆಡಲ್ಲ ಬಿಡು, ಅಷ್ಟು ಒಳ್ಳೇ ಸೈಕಲ್ ಅದು" ಅಂದು ಸಾವ್ಕಾರ್ರು ಹೊಳೆಯೋ ಪುಸ್ತಕಕ್ಕೆ ಚಂದಾ ಬರೆಸಿದ್ರು. ಆರಿಸು ಅಂದಿದ್ದು ಯಾಕೆ ಅಂತ ನನ್ನ ನಾಲಿಗೆ ತುದೀಲಿತ್ತು. ಅಣ್ಣ ಕೆಳಗೆ ಮೂಟೆ ಇಳಿಸ್ತಾ ಇದ್ದ, ಅವನ ಮುಖ ನೆನಪಾಗಿ ನುಂಗಿಕೊಂಡೆ. ತೆಳ್ಳಗಿನದು ಯಾರಿಗೂ ಬೇಡವಾಗಿತ್ತಲ್ಲ, "ಇದನ್ನ ಬೇಕಾದ್ರೆ ನೀನೇ ಇಟ್ಕೋ" ಅಂತ ಕೊಟ್ರು. ಕವನ ಅದನ್ನ ಎದೆಗವಚಿಕೊಂಡು ಮೆಟ್ಟಿಲಿಳಿದ್ಲು.

ಹೊಳೆಯೋ ಪುಸ್ತಕ ತಿಂಗಳು ತಿಂಗಳು ಬಂತು. ಅದರಲ್ಲಿ ಏನಿತ್ತು ಅಂತೀರಾ? ವಾರಕ್ಕೆ ಇಷ್ಟು ಸಲ ಯಾವುದೋ ದೂರದ ಸಮುದ್ರದ ಮೀನು ತಿನ್ನಬೇಕಂತೆ. ಮಳೆಗಾಲದಲ್ಲಿ ಸೈಕಲ್ ಮನೆಯೊಳಗೆ ಒಂದು ಮಿಷನ್ ಮೇಲೆ ನಿಲ್ಲಿಸಿ ತುಳೀಬೇಕಂತೆ. ನಮ್ಮ ಮನೇಲಿ ಸೈಕಲ್ ಒಳಗೆ ನಿಲ್ಲಿಸಿದ್ರೆ ನಾವು ಬೀದೀಲಿ ಮಲಗಬೇಕು. ತುಳಿದ ಮೇಲೆ ಕಾಲಿಗೆ ಮಸಾಜ್ ಮಾಡಿಸ್ಕೋಬೇಕಂತೆ. ಇವಳು ತುಳಿದು ಬಂದು ಹಸುವಿಗೆ ನೀರು ಸೇದ್ತಿದ್ಲು, ಅದೇ ಮಸಾಜು. ಮುದ್ದೆ, ಉಪ್ಸಾರು, ಭಾನುವಾರ ಸಿಕ್ರೆ ಮೊಟ್ಟೆ, ಇದೇ ಅವಳ ಪಥ್ಯ.

ರಿಪೇರಿ ಪುಸ್ತಕ ಮಾತ್ರ ತಲೆದಿಂಬಿನ ಪಕ್ಕದಲ್ಲೇ. ಗೊತ್ತಾಗದ ಇಂಗ್ಲಿಷ್ ಪದಗಳನ್ನ ಫೋನಿಗೆ ಹೇಳಿ ಕನ್ನಡದಲ್ಲಿ ಕೇಳ್ಕೊಳ್ಳೋಳು, ನನಗೂ ಓದಿ ಹೇಳೋಳು. ಹಂಗೇ ನನಗೂ ಗೊತ್ತಾಗಿದ್ದು. ಈ ಸೈಕಲ್‌ಗೆ ಹಳೇ ಸೈಕಲ್ ಥರ ರಿಮ್ಮಿಗೆ ರಬ್ಬರ್ ಕಟ್ಟೆ ಒತ್ತೋ ಬ್ರೇಕ್ ಅಲ್ಲ. ಚಕ್ರದ ನಡುವೆ ತಟ್ಟೆಯ ಹಾಗೆ ಒಂದು ಡಿಸ್ಕ್, ಬ್ರೇಕ್ ಹಿಡಿದ್ರೆ ಎರಡು ಪುಟ್ಟ ಪ್ಯಾಡು ಆ ಡಿಸ್ಕನ್ನ ಕಚ್ಚಿ ಹಿಡೀತವೆ. ಆ ಡಿಸ್ಕಿಗೆ ಎಣ್ಣೆ ಜಿಡ್ಡು ತಾಗಲೇಬಾರದು, ಬೆರಳಲ್ಲಿ ಮುಟ್ಟಲೂ ಬಾರದು ಅಂತ ಪುಸ್ತಕದಲ್ಲಿತ್ತು. ತಾಗಿದ್ರೆ ಪ್ಯಾಡು ಎಣ್ಣೆ ಕುಡಿದುಬಿಡುತ್ತೆ, ಆಮೇಲೆ ಎಷ್ಟು ಒತ್ತಿದ್ರೂ ಬ್ರೇಕ್ ಹಿಡಿಯಲ್ಲ, ಹೊಸ ಪ್ಯಾಡೇ ಹಾಕಬೇಕು. ಕವನ ಆ ಪುಟದ ಮೂಲೆ ಮಡಚಿಟ್ಟಿದ್ಲು. ಯಾರಾದ್ರೂ ಮಕ್ಕಳು ಸೈಕಲ್ ಹತ್ರ ಬಂದ್ರೆ "ಡಿಸ್ಕ್ ಮುಟ್ಬೇಡ್ರೋ!" ಅಂತ ಕಿರುಚೋಳು. ನನ್ನನ್ನೂ ಒಂದಿನ ಬೈದ್ಲು, ಒಗ್ಗರಣೆ ಕೈಯಲ್ಲಿ ಹ್ಯಾಂಡಲ್ ಹಿಡಿದೆ ಅಂತ. ನಕ್ಕುಬಿಟ್ಟೆ ನಾನು.

ದಸರಾ ಬಂತು. ಆಯುಧಪೂಜೆ ದಿನ ಕ್ಲಬ್ಬಿನ ಸೈಕಲ್ಲುಗಳೆಲ್ಲಾ ಅಂಗಡಿ ಮುಂದೆ ಬರಬೇಕು, ಪೂಜೆ ಆಗಬೇಕು, ಕವನನ್ನೂ ಸೈಕಲ್ ತಗೊಂಡು ಬರೋಕೆ ಹೇಳು ಅಂತ ಅಣ್ಣನ ಕೈಲಿ ಹೇಳಿಕಳಿಸಿದ್ರು. ನಮ್ಮನೇಲಿ ಆಯುಧಪೂಜೆ ಇಲ್ಲ. ಆದ್ರೆ ಸೈಕಲ್ ನಮ್ದಲ್ವಲ್ಲ. "ಓಗ್ಬುಟ್ಟು ಬನ್ನಿ, ಅವರ್ದು ವಸ್ತು, ಅವ್ರು ಪೂಜೆ ಮಾಡ್ಕತಾರೆ" ಅಂದ ಅಣ್ಣ. ಅದೂ ಸರಿ ಅನ್ನಿಸ್ತು. ಕವನ ಬ್ಯಾಗಿಗೆ ರಿಪೇರಿ ಪುಸ್ತಕ ಹಾಕ್ಕೊಂಡ್ಲು. ಯಾಕೆ ಅಂದ್ರೆ ಸುಮ್ನೆ ಅಂದ್ಲು. ಸುಮ್ನೆ ಅಲ್ಲ ಅಂತ ಆಮೇಲೆ ಗೊತ್ತಾಯ್ತು.

ಅಂಗಡಿ ಮುಂದೆ ಬಾಳೆಕಂದು, ಮಾವಿನ ತೋರಣ, ಸೇವಂತಿಗೆ ರಾಶಿ. ತೂಕದ ಯಂತ್ರ, ಗೂಡ್ಸ್ ಗಾಡಿ, ಸೈಕಲ್ಲುಗಳು, ಎಲ್ಲಾ ತೊಳೆದು ಸಾಲಾಗಿ ನಿಲ್ಲಿಸಿದ್ರು. ಸಾವ್ಕಾರ್ರು ಸ್ನಾನ ಮಾಡಿ, ಹಣೆ ತುಂಬ ವಿಭೂತಿ ಇಟ್ಕೊಂಡು ಬರೀ ಮೈಗೆ ಶಲ್ಯ ಹೊದ್ದು ಬಂದ್ರು. ನಮ್ಮ ಸೈಕಲ್ಲಿಗೆ ಅವರೇ ಕೈಯಾರೆ ಮಾಡಬೇಕಂತೆ, ಅಪ್ಪನ ಹೆಸರಿರೋದಲ್ವಾ. ಒಂದು ಬಟ್ಟಲಲ್ಲಿ ಕೊಬ್ಬರಿ ಎಣ್ಣೆ, ಒಂದು ಬಿಳೀ ಪಂಚೆ ತುಂಡು.

"ನಮ್ಮಪ್ಪ ಅವರ ಸೈಕಲ್‌ಗೆ ಪ್ರತಿ ವರ್ಷ ಹಿಂಗೇ ಎಣ್ಣೆ ಹಚ್ಚೋರು" ಅಂತ ಹೇಳ್ತಾ ಹ್ಯಾಂಡಲ್ ಒರೆಸಿದ್ರು, ಚೌಕಟ್ಟು ಒರೆಸಿದ್ರು. "ಒಂದೊಂದು ಕಡ್ಡಿಗೂ ಹಚ್ಚೋರು. ಬಿಸಿಲಲ್ಲಿ ಫಳಫಳ ಅನ್ನೋದು. ಆ ಸೈಕಲ್ ಮೇಲೆ ಕೂರಿಸ್ಕೊಂಡು ಸಂತೆಗೆ ಕರ್ಕೊಂಡೋಗೋರು ನನ್ನ." ಅವರ ಕಣ್ಣಲ್ಲಿ ನೀರಾಡಿತು. ಸುಳ್ಳು ಹೇಳಲ್ಲ, ನನಗೂ ಒಂದು ಕ್ಷಣ ಅಯ್ಯೋ ಪಾಪ ಅನ್ನಿಸ್ತು.

ಕೈ ಚಕ್ರದ ಹತ್ರ ಬಂತು. ಕವನ ಮುಂದೆ ಹೋದ್ಲು. ಇಗೋ ನೋಡಿ, ಇಲ್ಲಿಂದ ಒಂದೊಂದು ಮಾತೂ ಸರಿಯಾಗಿ ಕೇಳಿಸ್ಕೊಳ್ಳಿ.

"ಸಾ, ಆ ಡಿಸ್ಕಿಗೆ ಎಣ್ಣೆ ಬೇಡ ಸಾ" ಅಂದ್ಲು.

"ಏನಮ್ಮ?"

"ಡಿಸ್ಕಿಗೆ ಎಣ್ಣೆ ತಾಗಿದ್ರೆ ಬ್ರೇಕ್ ಹಿಡಿಯಲ್ಲ ಸಾ. ಪುಸ್ತಕದಲ್ಲಿದೆ." ಬ್ಯಾಗಿಂದ ತೆಗೆದು ಮಡಚಿದ ಪುಟ ಬಿಡಿಸಿ ತೋರಿಸಿದ್ಲು. ಆ ಸಾಲಿನ ಮೇಲೆ ಬೆರಳಿಟ್ಲು.

ಸಾವ್ಕಾರ್ರು ಪುಸ್ತಕದ ಕಡೆ ನೋಡ್ಲಿಲ್ಲ, ಇವಳ ಮುಖ ನೋಡಿ ನಕ್ರು. ಕೋಪ ಇಲ್ಲ, ಚಿಕ್ಕ ಮಕ್ಕಳನ್ನ ನೋಡಿ ನಗ್ತಾರಲ್ಲ ಹಂಗೆ. "ದೇವ್ರ ದೀಪಕ್ಕೆ ಹಾಕೋ ಎಣ್ಣೆ ಕಣಮ್ಮ ಇದು. ಇದರಿಂದ ಕೆಟ್ಟದ್ದಾಗುತ್ತಾ? ನನ್ನ ಅಪ್ಪನ ಸೈಕಲ್‌ಗೆ ಪೂಜೆ ಮಾಡೋಕೆ ಪುಣೆಯೋರ ಅಪ್ಪಣೆ ಕೇಳ್ಬೇಕಾ?"

ಎಲ್ಲಾ ನಕ್ರು. ಅಮೃತೇಶ್ ಪಕ್ಕದಲ್ಲೇ ನಿಂತಿದ್ರು. "ಬಿಡಿ ಸಾರ್, ಅವರ ಮನೇಲಿ ಪೂಜೆ ಪುನಸ್ಕಾರ ಇಲ್ವಲ್ಲ, ಆ ಹುಡುಗಿಗೆ ಹೆಂಗೆ ಗೊತ್ತಾಗಬೇಕು" ಅಂದ್ರು.

ನನ್ನ ಮೈಯೆಲ್ಲಾ ಉರೀತು. "ಪೂಜೆ ಬೇಡ ಅಂತ ಯಾರಂದ್ರು ಸಾ? ಅವಳು ಓದವ್ಳೆ, ಓದಿದ್ದು ಹೇಳ್ತಾವ್ಳೆ. ಅದೊಂದು ತಟ್ಟೆ ಬಿಟ್ಟು ಮಿಕ್ಕಿದ್ದಕ್ಕೆಲ್ಲಾ ಹಚ್ಚಿ" ಅಂದೆ. ಜೋರಾಗೇ ಅಂದೆ.

ಅಷ್ಟರಲ್ಲಿ ಅಣ್ಣ ನಮ್ಮಿಬ್ಬರ ನಡುವೆ ಬಂದು ನಿಂತ. ಕೈ ಮುಗಿದ. "ಮಕ್ಳು ಸಾ, ತಿಳೀದೆ ಮಾತಾಡ್ತವೆ. ನೀವು ಮಾಡಿ ಸಾ." ಆಮೇಲೆ ನಮ್ಮ ಕಡೆ ತಿರುಗಿ ಹಲ್ಲು ಕಚ್ಚಿ "ಸುಮ್ಕಿರ್ರೇ, ನನ್ನ ಮಾನ ಕಳೀಬ್ಯಾಡಿ" ಅಂದ. ನನಗೆ ಆಗಲೇ ವಯಸ್ಸು ಮೂವತ್ತು ದಾಟಿದೆ, ಅಲ್ಲಿ ನಾನೂ ಒಂದು ಮಗು ಆಗೋದೆ.

ಸಾವ್ಕಾರ್ರು ಡಿಸ್ಕಿಗೆ ಹಚ್ಚಿದ್ರು. ಮುಂದಿನ ಚಕ್ರದ್ದಕ್ಕೂ ಹಚ್ಚಿದ್ರು, ಹಿಂದಿನದಕ್ಕೂ ಹಚ್ಚಿದ್ರು. ಬೇರೆ ಕಡೆಗಿಂತ ಒಂದು ಕೈ ಹೆಚ್ಚಾಗೇ, ಇವಳಿಗೆ ತೋರಿಸೋ ಹಾಗೆ, ಬಟ್ಟೆ ಬಿಟ್ಟು ಬೆರಳಲ್ಲೇ ಸವರಿದ್ರು. ಮೇಲೆ ಕುಂಕುಮ, ಅರಿಶಿಣ. ಚಕ್ರದ ಕೆಳಗೆ ನಿಂಬೆಹಣ್ಣು. ಬೂದುಗುಂಬಳಕಾಯಿ ಒಡೆದ್ರು, ಮಂಗಳಾರತಿ ಆಯ್ತು. ಪುರಿ, ಕಡ್ಲೆ, ಬಾಳೆಹಣ್ಣಿನ ಚೂರು ನಮ್ಮ ಬೊಗಸೆಗೆ ಮೇಲಿಂದ ಬಿತ್ತು. ಎಲ್ಲರಿಗೂ ಹಂಗೇ ಕೊಟ್ರೋ, ನಮಗೆ ಮಾತ್ರನೋ, ನಾನು ನೋಡೋಕೆ ಹೋಗ್ಲಿಲ್ಲ. ನೋಡಿದ್ರೆ ಬಾಯಿ ಸುಮ್ಮನಿರ್ತಿರ್ಲಿಲ್ಲ.

ಕವನ ಸೈಕಲ್ ವಾಪಸ್ ತಗೊಂಡೋಗ್ತೀನಿ ಅಂದ್ಲು. ಮನೆಗೆ ಹೋಗಿ ಹೆಂಗಾದ್ರೂ ತೊಳೆಯೋಣ ಅಂತ ಅವಳ ಲೆಕ್ಕ. ಆಗಲ್ಲ ಅಂದ್ರು. ಪೂಜೆಗಿಟ್ಟ ವಸ್ತು ಆವತ್ತು ಅಲ್ಲಾಡಿಸಬಾರದು, ವಿಜಯದಶಮಿ ಕಳೀಲಿ. ಆಯ್ಕೆ ದಿನ ಸೀದಾ ಅಲ್ಲಿಗೇ ಗಾಡೀಲಿ ತರ್ತೀವಿ, ನೀನು ಹಾಯಾಗಿ ಬಂದು ಹತ್ತು. ಹೊಸ ಪ್ಯಾಡಿಗೆ ಮೈಸೂರಿಗೆ ಹೋಗೋಣ ಅಂದ್ರೆ ಹಬ್ಬಕ್ಕೆ ಎಲ್ಲಾ ಅಂಗಡಿ ಬಾಗಿಲು ಹಾಕಿತ್ತು. ಬಸ್ಸಲ್ಲಿ ವಾಪಸ್ ಬರೋವಾಗ ಕವನ ಕಿಟಕಿ ಕಡೆ ಮುಖ ಮಾಡಿ ಕೂತಿದ್ಲು. "ಅತ್ತೆ, ಅವ್ರು ಹಚ್ಚಿದ್ದು ಸ್ವಲ್ಪನೇ ಅಲ್ವಾ?" ಅಂತ ಕೇಳಿದ್ಲು. "ಹೂಂ, ಸ್ವಲ್ಪನೇ" ಅಂದೆ. ಇಬ್ಬರಿಗೂ ಗೊತ್ತಿತ್ತು.

ಆಯ್ಕೆ ದಿನ ರಸ್ತೆ ಪಕ್ಕ ಶಾಮಿಯಾನ ಹಾಕಿದ್ರು. ಒಬ್ಬೊಬ್ಬರನ್ನೇ ಬಿಡೋದು, ದೂರದಲ್ಲಿ ರಸ್ತೆ ನಡುವೆ ಒಂದು ಡ್ರಮ್ಮು, ಅದನ್ನ ಸುತ್ತು ಹಾಕಿ ವಾಪಸ್ ಬರೋದು. ಕಡಿಮೆ ಟೈಮು ಯಾರು ತಗೋತಾರೋ ಅವರು. ಸಾವ್ಕಾರ್ರ ಗೂಡ್ಸ್ ಗಾಡಿ ಬಂತು, ಅಣ್ಣನೇ ಓಡಿಸ್ಕೊಂಡು ಬಂದ. ಹಾರ ಹಾಕಿದ ಸೈಕಲ್ ಇಳಿಸಿದ್ರು, ಮದುವಣಗಿತ್ತಿನ ಇಳಿಸಿದ ಹಾಗೆ. ಕವನ ಓಡಿಹೋಗಿ ಬ್ರೇಕ್ ಒತ್ತಿ ಸೈಕಲ್ ಮುಂದಕ್ಕೆ ತಳ್ಳಿದ್ಲು. ಚಕ್ರ ಆರಾಮಾಗಿ ತಿರುಗ್ತು. ಅವಳ ಮುಖ ಸಪ್ಪಗಾಯ್ತು, ನಾನು ನೋಡಿದೆ.

ದುಪಟ್ಟಾ ತುದಿ ಹಿಡಿದು ಡಿಸ್ಕ್ ಒರೆಸೋಕೆ ಕೂತ್ಲು. ಸಾವ್ಕಾರ್ರು ಬಂದು ಭುಜ ಹಿಡಿದು ಎಬ್ಬಿಸಿದ್ರು. "ಅಳಿಸ್ಬೇಡ ಕಣಮ್ಮ. ಪೂಜೆ ಮಾಡಿದ ಕುಂಕುಮ ಅದು. ಅದೇ ನಿನಗೆ ರಕ್ಷೆ."

ನಾನು ಕವನನ್ನ ಪಕ್ಕಕ್ಕೆ ಎಳ್ಕೊಂಡೆ. "ಬೇಡ ಮಗಾ. ಓಡಿಸ್ಬೇಡ. ಬ್ರೇಕ್ ಇಲ್ಲ ಅಂತ ಅಧಿಕಾರಿಗಳಿಗೆ ನಾನು ಹೇಳ್ತೀನಿ."

"ಹೇಳಿದ್ರೆ ಸೈಕಲ್ ಸರಿಯಿಲ್ಲ ಅಂತ ನನ್ನನ್ನೇ ತೆಗೆದಾಕ್ತಾರೆ ಅತ್ತೆ. ಮುಂದಿನ ವರ್ಷ ನನಗಿಲ್ಲ." ಹೆಲ್ಮೆಟ್ ಪಟ್ಟಿ ಬಿಗಿದುಕೊಂಡ್ಲು. "ತಿರುವಲ್ಲಿ ಮಾತ್ರ ಬ್ರೇಕ್ ಬೇಕಾಗೋದು. ಮೊದ್ಲೇ ತುಳಿಯೋದು ನಿಲ್ಲಿಸ್ತೀನಿ."

"ನಿಲ್ಲಿಸ್ತೀಯಾ? ಆಣೆ ಮಾಡು."

"ನಿಲ್ಲಿಸ್ತೀನಿ ಅಂದ್ನಲ್ಲ" ಅಂದ್ಲು, ಆಣೆ ಮಾಡ್ಲಿಲ್ಲ.

ನಾನೂ ಅಣ್ಣನೂ ಡ್ರಮ್ಮಿನ ಹತ್ರ ಹೋಗಿ ನಿಂತ್ವಿ. ಒಬ್ಬೊಬ್ಬಳೇ ಹುಡುಗಿ ಬಂದು, ಡ್ರಮ್ಮು ಸುತ್ತಿ, ಹೋದ್ಲು. ಮೈಸೂರಿನ ಹುಡುಗೀರು, ಒಳ್ಳೊಳ್ಳೇ ಸೈಕಲ್ಲು. ಆಮೇಲೆ ದೂರದಲ್ಲಿ ಕವನ ಕಾಣಿಸಿದ್ಲು. ಅಲ್ಲಿ ಟೈಮ್ ಬರ್ಕೊಳ್ತಿದ್ದೋನು ತನ್ನ ಗಡಿಯಾರ ನೋಡಿ "ಅರೆರೆ, ಯಾರ್ರೀ ಇದು!" ಅಂತ ಎದ್ದು ನಿಂತ. ನನ್ನ ಎದೆ ಹಿಗ್ಗಿತು. ಹಿಗ್ಗಿದ್ದು ಹಂಗೇ ಧಸಕ್ಕಂತ ಕುಸೀತು, ಯಾಕಂದ್ರೆ ಅವಳು ತುಳಿಯೋದು ನಿಲ್ಲಿಸ್ಲಿಲ್ಲ. "ನಿಲ್ಸೇ ಕವನಾ! ನಿಲ್ಸೇ!" ಅಂತ ಕೂಗಿದೆ. ನಿಲ್ಲಿಸಿದ್ಲು, ತಡವಾಗಿ. ಬ್ರೇಕಿನ ಮೇಲೆ ಎರಡೂ ಕೈ ಬಿಗಿಹಿಡಿದಿದ್ದು ಕಾಣ್ತಿತ್ತು. ಸೈಕಲ್ ಮಾತ್ರ ಬೆಣ್ಣೆ ಮೇಲೆ ಹೋದ ಹಾಗೆ ಡ್ರಮ್ಮು ದಾಟಿ, ಟಾರು ದಾಟಿ, ನಾಲೆ ಪಕ್ಕದ ಕಲ್ಲಿಗೆ ಹೋಗಿ ಬಿತ್ತು.

ನಾವು ಓಡಿಹೋದಾಗ ಅವಳು ಎದ್ದು ನಿಂತಿದ್ಲು. ಎಡಗೈ ಜೋತುಬಿದ್ದಿತ್ತು, ಭುಜದ ಮೂಳೆ ಚರ್ಮದೊಳಗಿಂದ ಉಬ್ಬಿತ್ತು. ಒಂದೇ ಕೈಲಿ ಸೈಕಲ್ ಎತ್ತೋಕೆ ನೋಡ್ತಿದ್ಲು. "ಹತ್ತಿಸಿ ಅತ್ತೆ, ಹತ್ತಿಸಿ, ಇನ್ನೂ ಟೈಮಿದೆ" ಅಂತಿದ್ಲು. ನಾನು ಅವಳನ್ನ ತಬ್ಬಿಕೊಂಡು ಅಲ್ಲೇ ಮಣ್ಣಲ್ಲಿ ಕೂತು ಬಾಯಿಗೆ ಬಂದ ಹಾಗೆ ಬೈದೆ. ಯಾರನ್ನ ಬೈದೆ ಅಂತ ನೆನಪಿಲ್ಲ.

ನಂಜನಗೂಡಿನ ಆಸ್ಪತ್ರೇಲಿ ಕೈಗೆ ಆಪರೇಷನ್ ಆಯ್ತು, ರಾಡ್ ಹಾಕಿದ್ರು. ಕೈ ಬರುತ್ತೆ, ಆದ್ರೆ ಮೊದಲಿನ ಹಾಗೆ ಪೂರ್ತಿ ಮೇಲಕ್ಕೆತ್ತೋದು ಅನುಮಾನ ಅಂದ್ರು ಡಾಕ್ಟ್ರು. ಖರ್ಚೆಲ್ಲಾ ಸಾವ್ಕಾರ್ರೇ ಕೊಟ್ರು, ಅದೂ ಹೇಳ್ಬೇಕಲ್ಲ. ಎರಡನೇ ದಿನ ಮೂಸಂಬಿ, ಸೇಬು ಹಿಡ್ಕೊಂಡು ವಾರ್ಡಿಗೆ ಬಂದ್ರು, ಹಿಂದೆ ಅಮೃತೇಶ್. ಕವನನ್ನ ನೋಡಿ ಸಾವ್ಕಾರ್ರು ಗಳಗಳ ಅತ್ತುಬಿಟ್ರು. ನಾಟಕ ಅಲ್ಲ, ನಿಜವಾಗಿ ಅತ್ರು. ಕಣ್ಣೊರೆಸ್ಕೊಂಡು ಅಣ್ಣನ ಕೈ ಹಿಡಿದು, "ದೊಡ್ಡದ್ರಲ್ಲಿ ಹೋಗಬೇಕಾಗಿತ್ತು, ಚಿಕ್ಕದ್ರಲ್ಲಿ ಹೋಯ್ತು ಮಾದೇಶ. ಪೂಜೆ ಮಾಡಿದ್ದಕ್ಕೆ ಜೀವ ಉಳೀತು" ಅಂದ್ರು.

"ಊಂ ಸಾ" ಅಂದ ಅಣ್ಣ.

ನನಗೆ ತಡ್ಕೊಳ್ಳೋಕಾಗ್ಲಿಲ್ಲ. ಕವನನ ಬ್ಯಾಗಿಂದ ರಿಪೇರಿ ಪುಸ್ತಕ ತೆಗೆದು, ಮಡಚಿದ ಪುಟ ಬಿಡಿಸಿ, ಅವಳು ಓದಿ ಹೇಳಿ ನನಗೂ ಬಾಯಿಪಾಠ ಆಗಿದ್ದನ್ನ ಕನ್ನಡದಲ್ಲಿ ಹೇಳಿದೆ. ಎಣ್ಣೆ ತಾಗಬಾರದು. ಬೆರಳು ತಾಗಬಾರದು. ತಾಗಿದ್ರೆ ಬ್ರೇಕ್ ಹಿಡಿಯಲ್ಲ. ಪಕ್ಕದ ಮಂಚದೋರೂ ಕೇಳಿಸ್ಕೊಳ್ಳೋ ಹಾಗೆ ಹೇಳಿದೆ.

ಸಾವ್ಕಾರ್ರು ಪುಸ್ತಕ ಇಸ್ಕೊಂಡ್ರು, ಕನ್ನಡಕ ಹಾಕ್ಕೊಂಡು ಆ ಚಿತ್ರ ನೋಡಿದ್ರು, ತುಂಬ ಹೊತ್ತು ನೋಡಿದ್ರು. ಮುಖ ಬಿಳಿಚಿಕೊಂಡಿತು. "ಛೆ ಛೆ ಛೆ" ಅಂದ್ರು. "ಇದನ್ನ ಮೊದ್ಲೇ ಹೇಳ್ಬಾರ್ದಾ ಕಣಮ್ಮ? ಹೇಳಿದ್ರೆ ನಾನೇನು ಹಚ್ತಿದ್ನಾ? ಅಷ್ಟು ಮೂರ್ಖನಾ ನಾನು?"

ನಾಟಕ ಆಡ್ತಿದಾರಾ ಅಂತ ಅವರ ಕಣ್ಣು ನೋಡಿದೆ. ಇಲ್ಲ ಕಣ್ರೀ. ಅವರಿಗೆ ನಿಜವಾಗ್ಲೂ ನೆನಪಿರ್ಲಿಲ್ಲ. ಆವತ್ತು ಅವರ ಕಿವಿಗೆ ಬಿದ್ದಿದ್ದು ಒಂದು ಹುಡುಗಿ ಏನೋ ಒದರ್ತಾ ಇರೋದು ಅಷ್ಟೇ, ಮಾತು ಅಂತ ಬಿದ್ದೇ ಇರ್ಲಿಲ್ಲ. ಅಮೃತೇಶ್‌ಗೆ ಮಾತ್ರ ನೆನಪಿತ್ತು. ಅವರು ಗೋಡೆ ಕಡೆ ತಿರುಗಿ ಮೊಬೈಲ್ ನೋಡ್ತಾ ನಿಂತಿದ್ರು.

"ಹೇಳಿದ್ಲಲ್ಲ ಸಾ..." ಅಂತ ನಾನು ಬಾಯಿ ತೆಗೆಯೋ ಅಷ್ಟರಲ್ಲಿ ಅಣ್ಣ ಮಾತಾಡ್ದ.

"ಇಲ್ಲ ಸಾ. ಏಳಿರ್ನಿಲ್ಲ. ಅವ್ಳ್ದೇ ತಪ್ಪು, ಮೊದ್ಲೇ ಏಳ್ಬೇಕಾಗಿತ್ತು."

ನನ್ನೊಡಹುಟ್ಟಿದೋನು. ಅವಳನ್ನ ಹೆತ್ತ ಅಪ್ಪ. ಅವಳು ಹೇಳಿದಾಗ ನಡುವೆ ಬಂದು ನಿಂತು ಕೈ ಮುಗಿದಿದ್ದೋನು! ಮುಖಕ್ಕೆ ಉಗಿಯೋಣ ಅನ್ನಿಸ್ತು. ಎದ್ದೆ. ಕವನ ಬಲಗೈ ಚಾಚಿ ನನ್ನ ಮಣಿಕಟ್ಟು ಹಿಡಿದ್ಲು. ಹ್ಯಾಂಡಲ್ ಹಿಡಿದು ಹಿಡಿದು ಒರಟಾದ ಕೈ, ಬಿಡಿಸ್ಕೊಳ್ಳೋಕಾಗ್ಲಿಲ್ಲ. ಅವಳು ನನ್ನ ನೋಡ್ಲಿಲ್ಲ, ಅಪ್ಪನ್ನ ನೋಡ್ತಿದ್ಲು. ಅಣ್ಣ ನೆಲ ನೋಡ್ತಿದ್ದ.

"ಹೌದು ಸಾ" ಅಂದ್ಲು ಕವನ. "ಹೇಳ್ಲಿಲ್ಲ. ತಪ್ಪಾಯ್ತು ಸಾ."

"ಹೋಗ್ಲಿ ಬಿಡಮ್ಮ, ಹೋಗ್ಲಿ ಬಿಡು" ಅಂತ ಸಾವ್ಕಾರ್ರು ಅವಳ ತಲೆ ಸವರಿದ್ರು. ಕ್ಷಮಿಸಿಬಿಟ್ರು ಅವಳನ್ನ.

ಅವರು ಹೋದ ಮೇಲೆ ನಾನು ಅಣ್ಣನ್ನ ಹೊರಗೆ ಎಳ್ಕೊಂಡು ಹೋಗಿ ಕೇಳಿದೆ. ನೀನು ಮನುಷ್ಯನೇನೋ ಅಂದೆ. "ಅವ್ರ ಮಕದ ಮೇಲೆ ಎಂಗೇ ಏಳದು? ನಾಳೆ ಗಾಡಿ ಕೀ ಇಸ್ಕೊಂಡು ಮನೇಗೋಗು ಅಂದ್ರೆ ನೀನ್ ಸಾಕ್ತೀಯಾ ನಮ್ಮ?" ಅಂದ. ಅಂದೋನು ಹಂಗೇ ಗೋಡೆಗೆ ಹಣೆ ಒತ್ತಿ ಅತ್ತ. ಅವನ ಬೆನ್ನ ಮೇಲೆ ಕೈ ಇಡಬೇಕಾಗಿತ್ತೇನೋ. ಇಡ್ಲಿಲ್ಲ ನಾನು.

ಇದಾಗಿ ಈಗ ತಿಂಗಳುಗಳು ಕಳೆದ್ವು. ಹಾಸ್ಟೆಲ್ಲಿಗೆ ಮೈಸೂರಿನ ಹುಡುಗಿಯೊಬ್ಬಳು ಆಯ್ಕೆ ಆದ್ಲು. ಸೈಕಲ್ ರಿಪೇರಿಯಾಗಿ ಕ್ಲಬ್ ರೂಮಲ್ಲಿದೆ, ಸ್ಟಿಕ್ಕರ್ ಹೊಸದು ಅಂಟಿಸಿದಾರೆ. ಸಾವ್ಕಾರ್ರು ಹೊಳೆಯೋ ಪುಸ್ತಕ ನಿಲ್ಲಿಸಿ ರಿಪೇರಿ ಪುಸ್ತಕಕ್ಕೆ ಚಂದಾ ಕಟ್ಟಿದ್ರು. ಎರಡು ಪ್ರತಿ, ಒಂದು ಕ್ಲಬ್ಬಿಗೆ, ಒಂದು ಕವನಂಗೆ. ಅಣ್ಣನೇ ತಂದುಕೊಡ್ತಾನೆ. ಅವಳು ಇಸ್ಕೊಂಡು ಟ್ರಂಕಿನ ಮೇಲೆ ಇಡ್ತಾಳೆ, ಮೇಲಿನ ಪ್ಲಾಸ್ಟಿಕ್ ಕೂಡ ಹರಿಯಲ್ಲ.

ಮೊನ್ನೆ ಭಾನುವಾರ ನನ್ನ ಫೋನಿಗೆ ಒಂದು ವಿಡಿಯೋ ಬಂತು. ಕ್ಲಬ್ಬಿನಲ್ಲಿ ಸುರಕ್ಷತೆ ಬಗ್ಗೆ ಕಾರ್ಯಕ್ರಮವಂತೆ, ಸ್ಕೂಲು ಮಕ್ಕಳನ್ನೆಲ್ಲಾ ಕೂರಿಸಿದಾರೆ. ಸಾವ್ಕಾರ್ರು ಒಂದು ಕೈಲಿ ಮೈಕು, ಒಂದು ಕೈಲಿ ರಿಪೇರಿ ಪುಸ್ತಕ ಹಿಡ್ಕೊಂಡು ಮಾತಾಡ್ತಿದ್ರು. "ಡಿಸ್ಕಿಗೆ ಯಾವ ಕಾರಣಕ್ಕೂ ಎಣ್ಣೆ ತಾಗಿಸ್ಬೇಡಿ ಮಕ್ಕಳೇ. ನಮ್ಮ ಹುಡುಗಿಯೊಬ್ಳು, ಪಾಪ, ತಿಳುವಳಿಕೆ ಇಲ್ಲದೆ ಕೈ ಮುರ್ಕೊಂಡ್ಲು. ಅದಕ್ಕೇ ಓದ್ಬೇಕು. ಓದಿದ್ದನ್ನ ಧೈರ್ಯವಾಗಿ ಹೇಳ್ಬೇಕು." ಮಕ್ಕಳು ಚಪ್ಪಾಳೆ ತಟ್ಟಿದ್ರು.

ಫೋನ್ ಎಸೆಯೋಕೆ ಹೋದೆ. ಕವನ ಪಕ್ಕದಲ್ಲಿ ಅವರೆಕಾಳು ಸುಲೀತಿದ್ಲು, ಇಸ್ಕೊಂಡು ಪೂರ್ತಿ ನೋಡಿದ್ಲು. "ಚೆನ್ನಾಗಿ ಹೇಳ್ತಾರೆ ಅಲ್ವಾ?" ಅಂದ್ಲು. ನಗ್ತಾಳೇನೋ ಅಂತ ಮುಖ ನೋಡಿದೆ, ನಗ್ಲಿಲ್ಲ. ಫೋನ್ ವಾಪಸ್ ಕೊಟ್ಟು ಇನ್ನೊಂದು ಕಾಯಿ ಎತ್ಕೊಂಡ್ಲು.

"ಅತ್ತೆ, ನಿಮ್ಮ ಗಾರ್ಮೆಂಟ್ಸಲ್ಲಿ ಹೆಲ್ಪರ್ ಕೆಲಸಕ್ಕೆ ಕೈ ಪೂರ್ತಿ ಮೇಲಕ್ಕೆತ್ತೋಕೆ ಬರ್ಬೇಕಾ?"

"ಬೇಕಾಗಲ್ಲ" ಅಂದೆ. ಮಾರನೇ ದಿನ ಸೂಪರ್‌ವೈಸರ್ ಹತ್ರ ಕೇಳಿದೆ.